ಜಗ್ಗಿದರೆ ಓಡುವ ಗಾಡಿ

"ಒತ್ರಿ ಕಾಕಾ, ಒತ್ರಿ! ಮುಂದಕ್ಕ ಒತ್ರಿ!"

ನಜ್ಮಾ ಕೂಗುವಷ್ಟರಲ್ಲಿ ಅಂದಾನೆಪ್ಪ ಹಿಡಿಕೆಯನ್ನು ಎದೆಯ ಕಡೆಗೆ ಜಗ್ಗಿಬಿಟ್ಟಿದ್ದ. ಕಾರು ಗುಂಯ್ ಎಂದು ಜಿಗಿಯಿತು. ಮೈದಾನದ ಅಂಚಿನಲ್ಲಿ ಮೇಯುತ್ತಿದ್ದ ಆಡುಗಳು ದಿಕ್ಕಾಪಾಲಾಗಿ ಓಡಿದವು. ಪಕ್ಕದ ಸೀಟಿನಲ್ಲಿದ್ದ ನಜ್ಮಾ ನಡುವಿನ ಕೈಬ್ರೇಕನ್ನು ಎರಡೂ ಕೈಯಿಂದ ಎಳೆದಳು. ಜಾಲಿಕಂಟಿಯೊಳಗೆ ಮೂತಿ ತೂರಿಸಿ ಕಾರು ನಿಂತಿತು.

"ಯಾ ಅಲ್ಲಾ! ಆಡಿನ ಮಾಲಕ ಬಂದ್ರ ನೀವ ಮಾತಾಡ್ರಿ, ನಾ ಅಲ್ಲ."

ಅಂದಾನೆಪ್ಪ ತನ್ನ ಎಡಗೈಯನ್ನು ನೋಡಿಕೊಂಡ. "ನೀ ಜಗ್ಗಿದ್ರ ನಿಲ್ತೈತಿ, ನಾ ಜಗ್ಗಿದ್ರ ಓಡ್ತೈತಿ. ಇದೆಂಥಾ ಗಾಡಿ ತಂಗಿ?"

"ಗಾಡಿ ನೆಟ್ಟಗ ಐತ್ರಿ. ನಿಮ್ಮ ಕೈ ಉಲ್ಟಾ ಐತಿ."

ಗಜೇಂದ್ರಗಡದ ಗುಡ್ಡದ ಕೆಳಗೆ ದಿನಾ ಬೆಳಿಗ್ಗೆ ಇದೇ ನಡೆದಿತ್ತು. ಗೇರಿಲ್ಲದ ಆ ಕಾರಿಗೆ ನಜ್ಮಾಳ ಅಪ್ಪ ಮೌಲಾಸಾಬ ಒಂದು ಉಕ್ಕಿನ ಹಿಡಿಕೆ ಕೂಡಿಸಿದ್ದ. ಕಾಲಿಲ್ಲದವರು ಕೈಯಿಂದಲೇ ಓಡಿಸುವ ಏರ್ಪಾಡು ಅದು. ಮುಂದಕ್ಕೆ ಒತ್ತಿದರೆ ಬ್ರೇಕು, ತನ್ನ ಕಡೆಗೆ ಜಗ್ಗಿದರೆ ಓಟ. ಚಿಕ್ಕಂದಿನಲ್ಲೇ ಪೋಲಿಯೋ ಆಗಿದ್ದ ನಜ್ಮಾ ಇಂಥದೇ ಕಾರಿನಲ್ಲಿ ರೋಣ, ನರಗುಂದದ ತನಕ ಹೋಗಿ ಹೊಲಿದ ಜಂಪರುಗಳನ್ನು ಕೊಟ್ಟು ಬರುತ್ತಿದ್ದಳು. ಗಾಲಿಕುರ್ಚಿಯ ಮಂದಿಗೆ ಕಾರು ಕಲಿಸುವವಳೂ ಅವಳೇ. ಅವಳ ಕೈಯಲ್ಲಿ ಇಷ್ಟು ದಿನ ಕಲಿಯದೆ ಉಳಿದವನು ಅಂದಾನೆಪ್ಪನೊಬ್ಬನೇ.

ಅಂಚಿನಲ್ಲಿ ನಿಂತು ನೋಡುತ್ತಿದ್ದ ಅವನ ಮಗಳು ನಿರ್ಮಲಾ ಓಡಿ ಬಂದಳು. ನರೇಗಲ್ಲಿನಲ್ಲಿ ಸಾಲಿ ಕಲಿಸುವವಳು, ಹೆದರಿದಾಗಲೂ ದನಿ ಏರಿಸುತ್ತಿರಲಿಲ್ಲ.

"ಅಪ್ಪಾ, ಇನ್ನ ಬ್ಯಾಡ. ಅವ್ವನ ವರ್ಷದ ದಿನ ಟಂಟಂ ರಿಕ್ಷಾ ಹೇಳ್ತೀನಿ. ನಾಕ ಮಂದಿ ಎತ್ತಿ ಕೂಡಸ್ತಾರ."

"ಜ್ವಾಳದ ಚೀಲ ಏರಿಸಿದಂಗ," ಎಂದ ಅಂದಾನೆಪ್ಪ.

ನಿರ್ಮಲಾ ಮುಖ ತಿರುಗಿಸಿದಳು. ಅವಳು ಬಾಯಿಬಿಟ್ಟು ಆಡದಿದ್ದ ಮಾತು ಅವನಿಗೆ ಗೊತ್ತಿತ್ತು. ಹೆಂಡತಿ ಸಕ್ರವ್ವ ಲಿಂಗೈಕ್ಯಳಾದ ಮೇಲೆ ಅವನಿಗೆ ಯಾವುದೂ ಸರಿಯಾಗಿ ಹೊಂದುತ್ತಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, "ನಿಮ್ಮವ್ವಗೂ ಚಾ ಹಾಕು" ಅನ್ನುತ್ತಿದ್ದ. ಒಮ್ಮೊಮ್ಮೆ ವಿಭೂತಿ ಧರಿಸಿದ್ದು ಮರೆತು ಮತ್ತೆ ಧರಿಸುತ್ತಿದ್ದ. ಈಗ ಮುಂದು ಯಾವುದು ಹಿಂದು ಯಾವುದು ಎಂಬುದೂ ತಿಳಿಯದಾಗಿತ್ತು. ತಲೆ ಕೆಟ್ಟವನ ಕೈಗೆ ಕಾರು ಯಾರು ಕೊಡುತ್ತಾರೆ? ತನ್ನ ತಲೆ ಕೆಟ್ಟಿದೆಯೋ ಇಲ್ಲವೋ ಅವನಿಗೇ ತಿಳಿಯದು. ಶಿವನಾದರೂ ಹೇಳಬಾರದೆ ಅಂದುಕೊಳ್ಳುತ್ತಿದ್ದ.

ಮೂರು ವರ್ಷದ ಹಿಂದೆ ಬಣವಿಯ ಮೇಲಿಂದ ಬಿದ್ದು ಸೊಂಟದ ಕೆಳಗೆ ಅವನ ಮೈ ಸತ್ತಿತ್ತು. ಅಂದಿನಿಂದ ಕುರ್ಚಿ ನೂಕಿದವಳು ಸಕ್ರವ್ವ. ಅವಳನ್ನು ಹೊಳೆಮಣ್ಣೂರಿನ ತಮ್ಮ ಹೊಲದಲ್ಲಿ ಮಣ್ಣು ಮಾಡಿದ ದಿನ ಇವನನ್ನು ಟ್ರ್ಯಾಕ್ಟರಿನಿಂದ ಎತ್ತಿ ಬದುವಿನ ಮೇಲೆ ಇಟ್ಟಿದ್ದರು. ಇಟ್ಟವರು ಮರೆತರು. ಮುಂದೆ ಮಂದಿ ಕಿಕ್ಕಿರಿದು ನಿಂತಿದ್ದರು. ಅವನಿಗೆ ಕಂಡದ್ದು ನಿಂತವರ ಬೆನ್ನುಗಳಷ್ಟೇ. ಎಲ್ಲರೂ ಹಿಡಿ ಮಣ್ಣು ಹಾಕಿದರು, ಅವನೊಬ್ಬ ಹಾಕಲಿಲ್ಲ. ಈ ಸಲ ಯಾರ ಹೆಗಲಿಗೂ ಕಾಯದೆ ತಾನೇ ಅಲ್ಲಿಗೆ ಹೋಗಬೇಕೆಂಬುದೊಂದೇ ಅವನ ಹಟ.

"ಒಂದ ಸಲ ನೋಡ್ತೀನವಾ," ಎಂದು ಬೇಡಿಕೊಂಡ.

ಮತ್ತೆ ಹೊರಟರು. ಈ ಬಾರಿ ನಾಯಿಯೊಂದು ಅಡ್ಡ ಬಂತು. ಅಂದಾನೆಪ್ಪ ಬೆನ್ನು ಹಿಂದಕ್ಕೆ ವಾಲಿಸಿ, ಹಿಡಿಕೆ ಜಗ್ಗಿ, "ಹೋ... ಹೋ ಬಸ್ಯಾ, ಹೋ!" ಎಂದು ಕೂಗಿದ. ಕಾರು ಹಾರಿತು. ನಜ್ಮಾ ಕೈಬ್ರೇಕು ಎಳೆದು ನಿಲ್ಲಿಸಿದಳು.

"ಕಾಕಾ, ಬಸ್ಯಾ ಅಂದ್ರ ಯಾರ್ರಿ?"

"ನಮ್ಮ ಎತ್ತು. ಎಡಗಡೆ ಹೂಡ್ತಿದ್ವಿ. ಸತ್ತು ಭಾಳ ದಿನ ಆತು."

ನಜ್ಮಾ ಅವನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಚಕ್ಕಡಿ ಹೊಡೀವಾಗ ಹಗ್ಗ ಯಾವ ಕೈಯಾಗರಿ?"

"ಎಡಗೈಯಾಗ. ಬಲಗೈಯಾಗ ಬಾರಕೋಲು."

"ನಿಂದರಸಬೇಕಾದ್ರ?"

"ಹಗ್ಗ ಜಗ್ಗ..." ಅಂದಾನೆಪ್ಪ ಅಲ್ಲಿಗೇ ನಿಲ್ಲಿಸಿದ. ಹಿಡಿಕೆಯಿಂದ ಎಡಗೈ ತೆಗೆದು ಮೆಲ್ಲಗೆ ಕೇಳಿದ, "ಹಂಗಾದ್ರ ನನ್ನ ತಲಿ ಕೆಟ್ಟಿಲ್ಲೇನ ತಂಗಿ?"

"ತಲಿ ಚಲೋನ ಐತ್ರಿ. ಕೈಯಾಗ ಇನ್ನೂ ಹಗ್ಗ ಐತಿ."

ಕಾರಣ ತಿಳಿದರೂ ಕೈ ತಿಳಿಯಲಿಲ್ಲ. ಮರುದಿನವೂ ಜಗ್ಗಿದ, ಅದರ ಮರುದಿನವೂ ಜಗ್ಗಿದ. ಒಮ್ಮೆ ಒತ್ತಿ ನಿಲ್ಲಿಸಿ ಹಿಗ್ಗಿದ, ಹಿಂದೆಯೇ ಹೊರಡಬೇಕಾದಲ್ಲಿ ಒತ್ತಿ ಕೂತು, ಗಾಡಿ ಯಾಕೆ ಅಲುಗುವುದಿಲ್ಲವೆಂದು ಗಾಬರಿಯಾದ. ಹಳೆಯ ಗೊಂದಲದ ಮೇಲೆ ಹೊಸದೊಂದು ಕೂಡಿತು, ಅಷ್ಟೇ.

ಭಾನುವಾರ ನಜ್ಮಾ ಅವನನ್ನು ರೋಣಕ್ಕೆ ಕರೆದೊಯ್ದಳು. ಗಾಲಿಕುರ್ಚಿಯವರು ತಿಂಗಳಿಗೊಮ್ಮೆ ಅಲ್ಲಿನ ಸಾಲಿಯ ಅಂಗಳದಲ್ಲಿ ಸೇರುತ್ತಿದ್ದರು. ಅಳುವವರ ಕೂಟವಿರಬೇಕೆಂದು ಅವನು ಅದುವರೆಗೆ ಆ ಕಡೆ ಹಾದಿರಲಿಲ್ಲ. ನೋಡಿದರೆ ಬೇವಿನ ನೆರಳಲ್ಲಿ ಜಗಳವೋ ಜಗಳ. ಒಬ್ಬ ಗಾಲಿಗೆ ಗಾಳಿ ಹಾಕುತ್ತಿದ್ದ, ಮತ್ತೊಬ್ಬಳು ಯಾವ ದಿಂಬಿನ ಮೇಲೆ ಕೂತರೆ ಮೈ ಹುಣ್ಣಾಗುವುದಿಲ್ಲ ಎಂದು ಎಲ್ಲರಿಗೂ ದಬಾಯಿಸಿ ಹೇಳುತ್ತಿದ್ದಳು. ಮೊಬೈಲ್ ಅಂಗಡಿಯ ಕಳಕೇಶ ತೊಡೆಯ ಮೇಲೆ ರೊಟ್ಟಿಯ ಬುಟ್ಟಿ ಇಟ್ಟುಕೊಂಡು, ಕುರ್ಚಿ ಉರುಳಿಸುತ್ತ ಊಟಕ್ಕೆ ಬಡಿಸುತ್ತಿದ್ದ.

"ಬರ್ರಿ ಯಜಮಾನ್ರ, ಆಡಿನ ಹಿಂಡು ಓಡ್ಸವ್ರು ನೀವ ಅಲ್ಲೇನ್ರಿ? ತಗೋರಿ, ಇನ್ನೊಂದು ರೊಟ್ಟಿ."

"ಸಾಕು, ಸಾಕು ಬಿಡೋ," ಎಂದು ಅಂದಾನೆಪ್ಪ ಎಡಗೈಯ ಅಂಗೈಯನ್ನು ತಟ್ಟೆಯ ಮುಂದೆ ಚಾಚಿ ತಡೆದ.

"ಕಾಕಾ!" ಆಚೆ ಬದಿಯಿಂದ ನಜ್ಮಾ ಕೂಗಿದಳು. "ಕೈ ಹಂಗ ಹಿಡೀರಿ! ಅಲಗಾಡಸಬ್ಯಾಡ್ರಿ!"

ಎಲ್ಲರೂ ಅವನ ಕೈ ನೋಡಿದರು. ಅಂಗೈ ಮುಂದಕ್ಕೆ ಒತ್ತಿ ನಿಂತಿತ್ತು.

"ಅದ ಬ್ರೇಕ್ ನೋಡ್ರಿ. ಗಾಡಿ ನಿಂದರಸಬೇಕಾದ್ರ ಎತ್ತು ನೆನಸಬ್ಯಾಡ್ರಿ. ರೊಟ್ಟಿ ನೆನಸ್ರಿ."

"ಕಳಕೇಶ ಬುಟ್ಟಿ ಹಿಡಕೊಂಡು ಗಾಡಿ ಮುಂದ ಓಡಬೇಕೇನ ಹಂಗಾದ್ರ?" ಎಂದು ಯಾರೋ ಅಂದರು. ನಗೆ ಎದ್ದಿತು. ಅಂದಾನೆಪ್ಪನಿಗೂ ನಗು ಬಂತು. ಆದರೆ ಅವನ ಕಣ್ಣು ತಟ್ಟೆಯ ಮೇಲೆಯೇ ಇತ್ತು. ದಿನಾ ರಾತ್ರಿ ಸಕ್ರವ್ವ ಎದುರಿಗೆ ಕೂತು, ಬೇಡವೆಂದರೂ ರೊಟ್ಟಿ ಹಾಕುತ್ತಿದ್ದಳು. ದಿನಾ ಅವನು ಹೀಗೆಯೇ ಕೈ ಅಡ್ಡ ತರುತ್ತಿದ್ದ. ಸಾಕು ಬಿಡ ಸಕ್ರವ್ವಾ, ಎಷ್ಟಂತ ಹಾಕ್ತೀ.

ಮರುದಿನ ಮೈದಾನದಲ್ಲಿ "ಸಾಕು" ಎಂದ, ಅಂಗೈ ಮುಂದಕ್ಕೆ ಹೋಯಿತು, ಕಾರು ನಿಂತಿತು. ಇನ್ನೊಮ್ಮೆ "ಸಾಕು" ಎಂದ, ನಿಂತಿತು. ನಿರ್ಮಲಾ ದೂರದಿಂದಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವರ್ಷದ ದಿನ ಅವನೇ ಕಾರು ಓಡಿಸಿದ. ಪಕ್ಕದಲ್ಲಿ ನಜ್ಮಾ, ಹಿಂದೆ ನೈವೇದ್ಯದ ಡಬ್ಬಿ, ಬಿಲ್ವಪತ್ರಿ ಹಿಡಿದ ನಿರ್ಮಲಾ. ದಾರಿಯಲ್ಲಿ ಎಮ್ಮೆ ಅಡ್ಡ ಬಂದಾಗ "ಸಾಕು" ಎಂದ, ಉಬ್ಬು ಬಂದಾಗ "ಸಾಕು" ಎಂದ.

"ಪೂರಾ ಉಂಡ ಮನಶ್ಯಾ ಆಗೀರಿ ನೋಡ್ರಿ ಕಾಕಾ," ಎಂದಳು ನಜ್ಮಾ.

ಹೊಳೆಮಣ್ಣೂರು ದಾಟಿ ಎರೆಮಣ್ಣಿನ ಚಕ್ಕಡಿ ದಾರಿಗೆ ಇಳಿದರು. ಜೋಳ ತೆನೆಗಟ್ಟಿ ನಿಂತಿತ್ತು. ಬಲಬದಿಯ ಹೊಲದಲ್ಲಿ, ದಾರಿಗೆ ಹತ್ತಿಕೊಂಡೇ, ಸಣ್ಣ ಮಣ್ಣಿನ ದಿಬ್ಬ. ತಲೆಯ ಬದಿಗೆ ನೆಟ್ಟ ಪತ್ರಿಗಿಡ ಮೊಣಕಾಲೆತ್ತರ ಬೆಳೆದಿತ್ತು.

"ಅಲ್ಲೇ ಅಪ್ಪಾ. ನಿಂದರಸು."

ಅಂದಾನೆಪ್ಪ ಬಾಯಿ ತೆರೆದ. ಮಾತು ನಾಲಿಗೆಯ ತುದಿಗೆ ಬಂದಿತ್ತು, ಸಕ್ರವ್ವನ ಎದುರು ಹೊರಡಲಿಲ್ಲ. ದಿಬ್ಬ ಹತ್ತಿರಾಯಿತು, ಕಿಟಕಿಯ ಪಕ್ಕಕ್ಕೆ ಬಂತು, ಹಿಂದೆ ಸರಿಯಿತು.

"ಅಪ್ಪಾ, ದಾಟಿ ಹೊಂಟ್ವಿ! ಸಾಕು ಅನ್ನಪಾ!"

ನಜ್ಮಾಳ ಕೈ ಕೈಬ್ರೇಕಿನ ಮೇಲೆ ಹೋಯಿತು. ಅವನ ಮುಖ ನೋಡಿದಳು. ಕೈ ಅಲ್ಲೇ ಉಳಿಯಿತು, ಎಳೆಯಲಿಲ್ಲ. "ಹೋಗ್ಲಿ ಬಿಡ್ರಿ ಅಕ್ಕಾರ," ಎಂದಳು.

ಚಕ್ಕಡಿ ತಿರುಗಿಸುವ ಬಯಲಿನ ತನಕ ಕಾರು ಹೋಯಿತು. ಅಲ್ಲಿ ಸುತ್ತು ಹಾಕಿ, ದಿಬ್ಬವನ್ನು ಎಡಕ್ಕೆ ಬಿಟ್ಟು ದಾಟಿ ಹೋಗಿ, ಅದು ತನ್ನ ಬಲಕ್ಕೆ ಬರುವಂತೆ ಮತ್ತೆ ತಿರುಗಿ ಬಂದ. ಈ ಸಲವೂ ಅವನು ಸಾಕು ಅನ್ನಲಿಲ್ಲ, ಅಂಗೈ ತಾನಾಗಿ ಮುಂದಕ್ಕೆ ಹೋಯಿತು. ಕಾರು ಎತ್ತಿನ ನಡಿಗೆಯಲ್ಲಿ ಬಂದು ದಿಬ್ಬದ ಪಕ್ಕದಲ್ಲಿ ನಿಂತಿತು.

"ಕುರ್ಚಿ ಇಳಸ್ತೀನಪಾ," ಎಂದು ನಿರ್ಮಲಾ ಬಾಗಿಲು ತೆಗೆದಳು.

"ತಡಿಯವಾ."

ಅವನು ಕಿಟಕಿಯಿಂದ ಬಲಗೈ ಚಾಚಿದ. ಬೆರಳು ದಿಬ್ಬಕ್ಕೆ ತುಸು ಎಟುಕದೆ ಉಳಿಯಿತು. ನಿರ್ಮಲಾ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅವನ ಅಂಗೈಯಲ್ಲಿಟ್ಟಳು. ಬಿಸಿಲಿಗೆ ಕಾದ ಮಣ್ಣು ಬೆಚ್ಚಗಿತ್ತು.

"ಕಾಕಾ, ಗಾಡಿ ಬಂದ್ ಮಾಡ್ಲೇನ್ರಿ?" ನಜ್ಮಾ ಕೇಳಿದಳು.

ಅವನಿಗೆ ಕೇಳಿಸಲಿಲ್ಲ. ಬಲಗೈಯ ಬೆರಳ ಸಂದಿನಿಂದ ಮಣ್ಣು ಮೆಲ್ಲಗೆ ಜಾರಿ ದಿಬ್ಬದ ಅಂಚಿಗೆ ಬೀಳುತ್ತಿತ್ತು. ಎಡಗೈಯ ಅಂಗೈ ಹಿಡಿಕೆಯನ್ನು ಮುಂದಕ್ಕೆ ಒತ್ತಿ ಹಿಡಿದೇ ಇತ್ತು.