ಎಂಟು ಸಲ ಕರೆದ ಮೇಲೆ

ಮೈಕಿನ ಸ್ಪಂಜಿಗೆ ಯಾರದೋ ಪೆಪ್ಪರಮಿಂಟಿನ ವಾಸನೆ, ನಿರೂಪಕಿಯದೇ ಇರಬೇಕು, ಬೆಳಗಿನಿಂದ ಹದಿನಾಲ್ಕು ನೃತ್ಯಶಾಲೆಗಳನ್ನು ವೇದಿಕೆಗೆ ಕರೆದು ಕರೆದು ಗಂಟಲು ಒಣಗಿಸಿಕೊಂಡಿದ್ದಾಳೆ ಪಾಪ, ಗಂಟಲು ಅಂದರೆ ನನ್ನದು, ಐವತ್ತೆರಡು ಮುಗಿದರೂ ಮೈಕಿಲ್ಲದೆ ಕೊನೆಯ ಸಾಲಿನಲ್ಲಿ ಗೊರಕೆ ಹೊಡೆಯುವ ಅಪ್ಪಂದಿರನ್ನೆಲ್ಲ ಎಬ್ಬಿಸಿಬಿಡುತ್ತೇನೆ, ಬೇಕಾದರೆ ಹೊರಗೆ ನಿಂತಿರುವ ಕಾರುಗಳೂ ಒಟ್ಟಿಗೆ ಕೂಗಿಕೊಳ್ಳಬೇಕು ಹಾಗೆ — ವೇದಿಕೆಯ ಪಕ್ಕದ ಈ ಸಂದಿಯಲ್ಲಿ ಎಷ್ಟೊಂದು ದೇವರುಗಳು, ಸೊಂಟಕ್ಕೆ ಪಿನ್ನು ಚುಚ್ಚಿಸಿಕೊಂಡು ಸಾಲಾಗಿ ನಿಂತಿದ್ದಾರೆ, ಒಬ್ಬ ಶಿವನಿಗೆ ಬಾತ್‌ರೂಮಿಗೆ ಹೋಗಬೇಕು, ಅವನಮ್ಮ ಈಗ ಬೇಡ ಕಣೋ, ಬಣ್ಣ ಹಾಳಾಗುತ್ತೆ ಅನ್ನುತ್ತಿದ್ದಾಳೆ, ಮೂವರು ಲಕ್ಷ್ಮಿಯರು ಒಂದೇ ಬಾಚಣಿಗೆಗೆ ಕಿತ್ತಾಡುತ್ತಿದ್ದಾರೆ, ಇವರೆಲ್ಲರ ಹಾಡು ರೆಕಾರ್ಡಿನಲ್ಲೇ ಬಂದು ರೆಕಾರ್ಡಿನಲ್ಲೇ ಹೋಗುತ್ತೆ, ಗುಂಡಿ ಒತ್ತಿದರೆ ಭಕ್ತಿ, ಇನ್ನೊಂದು ಸಲ ಒತ್ತಿದರೆ ಮುಕ್ತಿ, ಜೀವಂತ ಗಂಟಲು ಬೇಕಾಗಿರುವುದು ಕೊನೆಯ ಒಂದೇ ಒಂದು ಕುಣಿತಕ್ಕೆ, ಗುಬ್ಬಿಯ ಕುಣಿತಕ್ಕೆ, ಆ ಗಂಟಲು ನನ್ನದು, ಇವತ್ತು ಅದರಲ್ಲೇ ಅವಳನ್ನು ನೇತು ಹಾಕುತ್ತೇನೆ.

ಗುಬ್ಬಿ ಅಂತ ಈಗ ಕರೆಯುವವರಿಲ್ಲ, ಮೇಡಂ, ಗುರುಗಳು, ಕಾಲಿಗೆ ಬೀಳಲು ಕ್ಯೂ, ಇನ್ನೂರು ಜನ ಮಕ್ಕಳು ಅವಳ ಶಾಲೆಯಲ್ಲಿ, ನನಗೆ ಮಾತ್ರ ಅವಳು ಒಂಬತ್ತು ವರ್ಷದ ಗುಬ್ಬಿಯೇ, ಹೆಸರಿಟ್ಟವಳು ಅಕ್ಕ, ಮುಂಗೈಯಷ್ಟೇ ಇದ್ದಳಲ್ಲ, ಮೂಗೊರೆಸಿಕೊಳ್ಳಲೂ ಬರುತ್ತಿರಲಿಲ್ಲ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಮಂಚವನ್ನು ಅಡುಗೆಮನೆಗೆ ತಳ್ಳಿ ಅಕ್ಕ ಪಾಠ ಮಾಡುತ್ತಿದ್ದ ಆ ಕೋಣೆಯಲ್ಲಿ, ನೆಲಕ್ಕೆ ಹೆಜ್ಜೆ ಹಾಕೋದು ಹೇಗೆ ಅಂತ ಕಲಿತವಳು, ನನಗಾಗ ಹದಿನಾರು, ಮೂಲೆಯಲ್ಲಿ ಕೂತು ಹಾಡುವುದೇ ನನ್ನ ಕೆಲಸ, ಹಾಡಿ ಹಾಡಿ ಆ ಮೂಲೆಯ ಸುಣ್ಣ ಉದುರಿಸಿದ್ದೇನೆ — ಗಿಣಿ ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಿದ್ದಳು, ತೋರಿಸಿದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ, ಅಕ್ಕ ಕೆಮ್ಮಿದರೆ ಅದನ್ನೂ ಅಭಿನಯ ಅಂದುಕೊಂಡು ಕೆಮ್ಮುತ್ತಿದ್ದಳು, ದೇವರಾಣೆ, ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಕರಪತ್ರ ನೋಡಿದರೆ ಬಣ್ಣಬಣ್ಣದ ಅಕ್ಷರದಲ್ಲಿ, ಪರಿಕಲ್ಪನೆ ಮತ್ತು ನೃತ್ಯ ಸಂಯೋಜನೆ, ಎದುರಿಗೆ ಅವಳದೇ ಹೆಸರು, ಅಕ್ಕನ ಹೆಸರಿಗೆ ಜಾಗವಿಲ್ಲ, ಹಾಸಿಗೆ ಅಂಗಡಿಯ ಜಾಹೀರಾತಿಗೆ ಅರ್ಧ ಪುಟ ಜಾಗವಿದೆ, ಹೋದ ವರ್ಷ ಯಾವುದೋ ಸಂದರ್ಶನದಲ್ಲಿ ಈ ಕೃತಿ ನನಗೆ ಕನಸಿನಲ್ಲಿ ಬಂತು ಅಂದಳಂತೆ, ಕನಸಂತೆ, ಆ ಸಾಲುಗಳನ್ನು ಅಕ್ಕ ಕ್ಯಾಲೆಂಡರಿನ ಹಿಂಬದಿಗೆ ಬರೆದಳು, ರಾಗ ಕೂರಿಸಿದವಳು ನಾನು, ಇನ್ನು ಅದರೊಳಗಿನ ಯಶೋದೆ ಮಗುವನ್ನು ಎಂಟು ಥರ ಕರೆಯುತ್ತಾಳಲ್ಲ — ಅದನ್ನು ಯಾರಿಗೂ ಹೇಳಿಲ್ಲ, ಹೇಳಿದರೆ ನಗುತ್ತಾರೆ, ಆ ಕೃಷ್ಣ ನಾನು. ನಾನೇ. ಅಮ್ಮ ಹೋದಾಗ ನನಗೆ ನಾಲ್ಕು, ಅಕ್ಕನಿಗೆ ಹದಿನೆಂಟು, ಸಂಜೆಯಾದರೆ ಸಾಕು ನಾನು ಎಲ್ಲಾದರೂ ಬಚ್ಚಿಟ್ಟುಕೊಳ್ಳುವುದು, ನೀರಿನ ಡ್ರಮ್ಮಿನ ಹಿಂದೆ, ಮಂಚದ ಕೆಳಗೆ, ಒಂದು ಸಲ ಪಕ್ಕದ ಮನೆಯವರ ಬಟ್ಟೆಯ ಬುಟ್ಟಿಯಲ್ಲಿ, ಇಡೀ ಬೀದಿ ಹುಡುಕಿದೆ ನನ್ನನ್ನು, ಸಾವಿರ ಜನ, ಸರಿ, ಹತ್ತು ಜನ — ಅಕ್ಕ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು, ಕಣ್ಣಿಗೆ ಕೈ ಅಡ್ಡ ಹಿಡಿದು ಒಂದು ಸಲ, ಕೈಯಲ್ಲಿ ಏನೋ ತಿಂಡಿ ಇದೆ ಅನ್ನುವ ಹಾಗೆ ಮುಷ್ಟಿ ಬಿಗಿದು ಒಂದು ಸಲ, ಕೋಪದಿಂದ, ಸುಳ್ಳು ಕೋಪದಿಂದ, ಬೇಡ ಬಿಡು ನೀನು ಬರಲೇಬೇಡ ಅಂತ ಮುಖ ತಿರುಗಿಸಿ, ಹೀಗೆ ಎಂಟು, ಎಂಟನೆಯದಕ್ಕೆ ನಾನು ಬಂದೇ ಬರುತ್ತಿದ್ದೆ. ಗುಬ್ಬಿ ಕದ್ದಿದ್ದು ನೃತ್ಯವನ್ನಲ್ಲ, ನನ್ನ ಬಾಲ್ಯವನ್ನೇ ಮೂಟೆ ಕಟ್ಟಿಕೊಂಡು ಹೋಗಿದ್ದಾಳೆ, ಅದಕ್ಕೆ ಟಿಕೆಟ್ ಬೇರೆ.

ನಿನ್ನೆ ಬೆಳಿಗ್ಗೆ ಫೋನು, ಅವಳ ಗಾಯಕನಿಗೆ ಗಂಟಲು ಕಟ್ಟಿದೆಯಂತೆ, ಅಕ್ಕಾ, ನೀವೇ ಗತಿ, ಈ ಹಾಡು ಬೇರೆ ಯಾರಿಗೂ ಬರಲ್ಲ ಅಂದಳು, ಬರಲ್ಲ ಅನ್ನುವುದು ಗೊತ್ತಲ್ಲ ಕಳ್ಳಿಗೆ, ಅಯ್ಯೋ ಅದಕ್ಕೇನಮ್ಮ, ನಿನಗಲ್ಲದೆ ಇನ್ಯಾರಿಗೆ ಹಾಡಲಿ ಅಂದೆ, ಎಷ್ಟು ಸಿಹಿಯಾಗಿ ಅಂದೆ ಎಂದರೆ ಆಮೇಲೆ ಫೋನಿಗೆ ಇರುವೆ ಬಂದವು, ಸಂಜೆವರೆಗೂ ಒರೆಸಿದೆ. ಅಕ್ಕ ಅಲ್ಲೇ ಕಿಟಕಿ ಹತ್ತಿರ ಕೂತಿದ್ದಳು, ನಾನೂ ಬರ್ತೀನಿ ಅಂದಳು, ಬಿದ್ದು ಸೊಂಟದ ಮೂಳೆ ಮುರಿದು ಮೂರು ವರ್ಷವಾಯಿತು, ಪಾಠ ನಿಂತು ಮಕ್ಕಳೆಲ್ಲ ಗುಬ್ಬಿಯ ಶಾಲೆಗೆ ಹಾರಿಹೋಗಿ ಮೂರು ವರ್ಷವಾಯಿತು, ಎಲ್ಲಿಗೂ ಹೊರಡದವಳು ಇಲ್ಲಿಗೆ ಹೊರಟಳು, ನಾನಂದುಕೊಂಡೆ, ಅವಳ ಹೊಟ್ಟೆಯೂ ಉರಿಯುತ್ತಿದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ, ಎರಡೂ ಹೊಟ್ಟೆಯ ಉರಿಗೆ ನಾನೊಬ್ಬಳೇ ಸಾಕು.

ಬಾಗಿಲಲ್ಲಿ ಏನಾಯಿತು ಅಂದರೆ — ಬೇಡ, ನೆನೆಸಿಕೊಂಡರೆ ಶ್ರುತಿ ಏರುತ್ತೆ, ನೆನೆಸಿಕೊಳ್ಳುತ್ತೇನೆ, ಏರಲಿ — ಅಕ್ಕ ಕೋಲೂರಿಕೊಂಡು ಮೆಟ್ಟಿಲು ಹತ್ತಿದಳು, ಗುಬ್ಬಿ ಮುಖ್ಯ ಅತಿಥಿಗಳ ಜೊತೆ ನಿಂತಿದ್ದಳು, ಪೂರ್ತಿ ಅಲಂಕಾರದಲ್ಲಿ, ಅತಿಥಿ ಕೇಳಿದರು ಇವರು ಯಾರು ಅಂತ, ಗುಬ್ಬಿ ಅಕ್ಕನನ್ನು ನೋಡಿದಳು, ಒಂದು ಗಳಿಗೆ, ಗುರುತು ಸಿಕ್ಕಿದ್ದು ನನಗೆ ಚೆನ್ನಾಗಿ ಕಂಡಿತು, ಆಮೇಲೆ ಹೇಳಿದಳು, ಇವರಾ, ನಮ್ಮ ಹಳೇ ಪರಿಚಯ. ಹಳೇ ಪರಿಚಯ. ಹಾಲಿನವನ ಹಾಗೆ, ಗ್ಯಾಸ್ ತರುವವನ ಹಾಗೆ. ಅಕ್ಕ ಏನಂದಳು, ಚೆನ್ನಾಗಿ ಮಾಡು ಗುಬ್ಬಿ ಅಂದಳು, ಅಷ್ಟೇ, ಹೋಗಿ ಮೂರನೆಯ ಸಾಲಿನ ತುದಿಯಲ್ಲಿ ಕೂತಳು.

ದೀಪ ಆರಿತು, ನಿರೂಪಕಿ ಕನಸಿನ ಕಥೆಯನ್ನು ಮತ್ತೆ ಹೇಳಿದಳು, ಕಿವಿಗೆ ಕಾದ ಎಣ್ಣೆ, ಪರದೆ ಸರಿಯಿತು, ಮೃದಂಗದ ಯಜಮಾನರು ನನ್ನ ಕಡೆ ಬಾಗಿ ಪಲ್ಲವಿ ಎಂಟೇ ತಾನೇ ತಂಗಿ ಅಂದರು, ಹೂಂ ಅಣ್ಣ, ಎಂಟೇ, ಎಂಥ ಸುಳ್ಳು, ನಾಲಿಗೆ ಒಂಚೂರೂ ತೊದಲಲಿಲ್ಲ. ನಿಯಮ ಸುಲಭ, ಒಂದೇ ಸಾಲನ್ನು ನಾನು ಹಾಡುತ್ತಲೇ ಇರಬೇಕು, ಪ್ರತಿ ಸಲವೂ ಅವಳು ಬೇರೆ ಥರ ಅಭಿನಯಿಸಬೇಕು, ಸಾಕಾದಾಗ ಕಣ್ಣಲ್ಲಿ ಹೇಳುತ್ತಾಳೆ, ತಾಳ ಹಿಡಿದ ಶಿಷ್ಯೆ ಟಿಣ್ ಅಂತ ಒಂದು ಗುರುತು ಕೊಡುತ್ತಾಳೆ, ನಾನು ಮುಂದಿನ ಸಾಲಿಗೆ ಹೋಗಬೇಕು. ಹೋಗದಿದ್ದರೆ? ಹೋಗದಿದ್ದರೆ ಕುಣಿಯುವವಳು ಎಲ್ಲಿಗೂ ಹೋಗುವ ಹಾಗಿಲ್ಲ, ಹಾಡು ಮುಗಿಯದೆ ವೇದಿಕೆ ಬಿಟ್ಟು ಓಡಿದ ನರ್ತಕಿಯನ್ನು ಯಾರೂ ಕಂಡಿಲ್ಲ, ಸ್ವಂತದ್ದು ಒಂದೂ ಇಲ್ಲದವಳು ಒಂಬತ್ತನೆಯದಕ್ಕೆ ಏನು ಮಾಡುತ್ತಾಳೆ ಅಂತ ನಾನೂರು ಜನ ನೋಡಲಿ, ಕನಸಿನಲ್ಲಿ ಬಂತಲ್ಲ, ಈಗ ಇನ್ನೊಂದು ಸ್ವಲ್ಪ ಬರಲಿ — ಹೊತ್ತು ಜಾರಿತು ಬಾರೋ ಕಂದಾ, ಬಾಗಿಲಲ್ಲೇ ನಿಂತಿಹೆನೋ — ಒಂದು, ಕಣ್ಣಿಗೆ ಕೈ ಅಡ್ಡ, ಅಕ್ಕನದೇ, ಮೊಣಕೈಯ ಓರೆ ಸಮೇತ, ಎರಡು, ಮುಷ್ಟಿ, ಮೂರು, ಜನ ತಲೆದೂಗುತ್ತಿದ್ದಾರೆ, ತೂಗಿ ತೂಗಿ, ನಾಲ್ಕು, ಐದು, ಡ್ರಮ್ಮಿನ ಹಿಂದೆ ಇಣುಕುವುದು, ಅವಳು ಅದನ್ನು ಬೆಣ್ಣೆಗಡಿಗೆ ಮಾಡಿಕೊಂಡಿದ್ದಾಳೆ, ಆರು, ಸುಳ್ಳು ಕೋಪ, ಏಳು, ನನ್ನ ಸ್ವರ ಬೆಣ್ಣೆಯಲ್ಲಿ ಚಾಕು ಇಳಿದಂತೆ, ಇಂಥ ಗಾಯನ ಈ ಕಟ್ಟಡ ಕಟ್ಟಿದ ಮೇಲೆ ಕೇಳಿಲ್ಲ, ಎಂಟು, ಮುಖ ತಿರುಗಿಸಿದಳು, ಮುಗಿಯಿತು, ಕಣ್ಣಲ್ಲಿ ಹೇಳಿದಳು, ಟಿಣ್.

ಹೊತ್ತು ಜಾರಿತು ಬಾರೋ ಕಂದಾ. ಮೃದಂಗದವರ ಕೈ ಒಂದು ಕ್ಷಣ ತಡವರಿಸಿತು, ಒಂಬತ್ತು, ಗುಬ್ಬಿ ಮತ್ತೆ ಮೊದಲನೆಯದನ್ನೇ ಮಾಡಿದಳು, ಕಣ್ಣಿಗೆ ಕೈ ಅಡ್ಡ, ಜನಕ್ಕೆ ಗೊತ್ತಾಗಲಿಲ್ಲ, ಮೊದಲ ಸಾಲಿನ ಬೇರೆ ಶಾಲೆಗಳ ಟೀಚರುಗಳಿಗೆ ಗೊತ್ತಾಯಿತು, ಒಬ್ಬಳು ಇನ್ನೊಬ್ಬಳ ಕಡೆ ತಿರುಗಿದಳು, ಆಹಾ, ಟಿಣ್ ಟಿಣ್, ಶಿಷ್ಯೆ ನನ್ನನ್ನೇ ನೋಡುತ್ತಿದ್ದಾಳೆ, ನಾನು ಕಣ್ಣು ಮುಚ್ಚಿ ಭಕ್ತಿಯಲ್ಲಿ ಮುಳುಗಿಹೋಗಿದ್ದೇನೆ, ಎಂಥ ಭಕ್ತಿ ನನ್ನದು, ಒಂದು ರೆಪ್ಪೆ ಮಾತ್ರ ಎತ್ತಿ, ಹತ್ತು, ಬಾರೋ ಕಂದಾ, ಗುಬ್ಬಿಯ ಕೈ ಎದೆಯ ಹತ್ತಿರ ಬಂದು ನಿಂತಿತು, ಏನು ಮಾಡಬೇಕೋ ತಿಳಿಯದ ಕೈ, ಬಣ್ಣ ಹಚ್ಚಿದ ಬೆರಳುಗಳು ಅರ್ಧ ಮಡಿಸಿ, ಕುತ್ತಿಗೆಯಲ್ಲಿ ಬೆವರು, ಮಾಡು, ಮಾಡೇ ಗುಬ್ಬಿ, ಹಳೇ ಪರಿಚಯ ಅಂದೆಯಲ್ಲ, ಹನ್ನೊಂದು, ಅವಳು ಸುಮ್ಮನೆ ನಿಂತಿದ್ದಾಳೆ, ಕೆಳತುಟಿ ಕಚ್ಚಿಕೊಂಡು, ಇದೇ, ಇದಕ್ಕೇ ನಾನು ಬಂದಿದ್ದು, ಗೆದ್ದೆ — ಅವಳು ಎಲ್ಲಿ ನೋಡುತ್ತಿದ್ದಾಳೆ, ನನ್ನ ಕಡೆಯಲ್ಲ, ಮೂರನೆಯ ಸಾಲಿನ ತುದಿಗೆ.

ಅಕ್ಕ ಕೈ ಎತ್ತಿದಳು. ತಲೆಗಳ ಮೇಲೆ ಒಂದು ಕೈ, ಬಿದ್ದಾಗಿನಿಂದ ನಡುಗುತ್ತದೆ ಅಂತ ಶಾಲಿನೊಳಗೆ ಅಡಗಿಸಿಟ್ಟ ಕೈ, ಲೋಟ ಹಿಡಿಯುವಾಗಲೂ ನನಗೆ ಕಾಣದ ಹಾಗೆ ಆ ಕಡೆ ತಿರುಗುತ್ತಾಳೆ, ಒಂದೇ ಒಂದು ಮುದ್ರೆ ತೋರಿಸೇ ಅಂತ ಎಷ್ಟು ಗೋಗರೆದಿದ್ದೇನೆ, ಆ ಕೈ, ಅಂಗೈ ಮೇಲಾಗಿ, ಬೆರಳುಗಳು ನಿಧಾನಕ್ಕೆ ಅಕ್ಕನ ಕಡೆಗೇ ಮಡಿಸಿಕೊಂಡವು, ಬಾ, ಇನ್ನು ಹುಡುಕಲಾರೆ, ನೀನೇ ಬಾ ಅನ್ನುವ ಹಾಗೆ, ಇದನ್ನು ನಾನೂ ನೋಡಿಲ್ಲ, ನನ್ನನ್ನು ಎಂದೂ ಹೀಗೆ ಕರೆದಿಲ್ಲ ಅಕ್ಕ, ನನ್ನನ್ನಲ್ಲ, ಅವಳನ್ನು, ಗುಬ್ಬಿಯನ್ನು — ಗುಬ್ಬಿ ಕೈ ಚಾಚಿದಳು, ಅಂಗೈ ಮೇಲಾಗಿ, ಬೆರಳು ಮಡಿಸಿದಳು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ, ನಡುಕ ಸಮೇತ, ಅಕ್ಕನ ಆ ನಡುಕವನ್ನೂ ನನ್ನ ಕಣ್ಣೆದುರಿಗೇ ಎತ್ತಿಕೊಂಡಳು, ಯಶೋದೆ ಮುದುಕಿಯಾಗಿಬಿಟ್ಟಳು, ಸಭೆಯಲ್ಲಿ ಯಾರೋ ಬಿಕ್ಕಿದರು, ಒಂದು ಸಾಲು ಇಡೀ ಕಣ್ಣೊರೆಸಿಕೊಂಡಿತು, ಟಿಣ್ ಟಿಣ್, ಮುಂದಿನ ಸಾಲು ತಂಗಿ, ಮುಂದಿನ ಸಾಲು ಅನ್ನುತ್ತಿದ್ದಾರೆ ಮೃದಂಗದವರು, ಮುಂದಿನ ಸಾಲು ಏನು, ನಾನೇ ರಾಗ ಕೂರಿಸಿದ್ದು, ಏನದು, ಅಕ್ಕ ನಗುತ್ತಿದ್ದಾಳೆ, ಮೂರು ವರ್ಷ ನಾನು ಹಾಡಿ ತರಿಸಲಾಗದ ನಗು, ಹೊತ್ತು ಜಾರಿತು ಬಾರೋ, ಇಳಿಸೇ ಅಕ್ಕ, ಸಾಕು, ಕೈ ನೋಯುತ್ತೆ, ಬಾರೋ, ತಲೆಗಳ ಮೇಲೆ ಆ ಕೈ, ಬಾರೋ ಕಂದಾ, ನಡುಗುತ್ತಾ, ಬಾರೋ, ಆ ಕೈ, ಬೆರಳು ಮಡಿಸಿ, ಬಿಚ್ಚಿ, ಮಡಿಸಿ, ಆ ಕೈ