ನಾಗನ ಹೆಡೆಯ ನಂಬರು

ನಾವು ಥಾಯ್ ಮಂದಿ. ಮರದ ತೊಗಟೆಯಲ್ಲಿ ಅಂಕಿಯಂಥದ್ದೇನಾದರೂ ಕಂಡರೆ ಸಾಕು, ಸಂಜೆಯೊಳಗೆ ಊರಲ್ಲಿ ಆ ನಂಬರಿನ ಲಾಟರಿ ಟಿಕೆಟು ಖಾಲಿ. ಗಡಿಯಾಚೆ ಕಾಂಬೋಡಿಯಾದ ಹಳೇ ಗುಡಿ ನೋಡಲು ಕ್ಲಾಸಿಗೆ ಕ್ಲಾಸೇ ಹೊರಟ ದಿನ ಮಾಲಿವನ್ ಮೇಡಂ ಬಸ್ಸಿನಲ್ಲೇ ಎಚ್ಚರಿಸಿದ್ದರು. “ಲಾಟರಿ ಗೀಟರಿ ಅಂದ್ರೆ ಕಿವಿ ಹಿಂಡ್ತೀನಿ. ಇತಿಹಾಸ ನೋಡ್ರೋ.”

ಗುಡಿಯ ಬಿದ್ದ ಗೋಪುರವನ್ನು ಮತ್ತೆ ಕಟ್ಟುತ್ತಿದ್ದರು. ಯಾವ ಕಲ್ಲು ಎಲ್ಲಿಗೆ ಎಂದು ಗೊತ್ತಾಗಲು ಪ್ರತಿ ಕಲ್ಲಿಗೂ ಬಣ್ಣದಲ್ಲಿ ನಂಬರು ಹಾಕಿದ್ದರು. ಏಳು ಹೆಡೆಯ ನಾಗನ ಹಣೆಯ ಮೇಲೂ ಒಂದಿತ್ತು. ಗೈಡ್ ರಾಜರ ಕಥೆ ಹೇಳುತ್ತಲೇ ಇದ್ದ, ನಮ್ಮ ಕಣ್ಣೆಲ್ಲ ಆ ಹಣೆಯ ಮೇಲೆ.

“ನಾಳೆನೇ ಡ್ರಾ ಕಣೋ,” ಎಂದು ಗೆಳೆಯ ಕುಂಗ್ ನನ್ನ ಪಕ್ಕೆ ತಿವಿದ.

ಗೈಡ್‌ಗೆ ರೇಗಿತು. “ಅದು ರಿಪೇರಿಯವರು ಬರೆದಿದ್ದು ಕಣ್ರಪ್ಪ.”

“ಬರೆದಿದ್ದು ಅವರೇ. ಬರೆಸಿದ್ದು ಯಾರು?” ಅಂದ ಕುಂಗ್.

ಊರಿಗೆ ಮರಳುವಾಗ ಮೇಡಂ ಬಸ್ಸಿನಲ್ಲಿ ಎದ್ದು ನಿಂತರು. “ಇವತ್ತು ಏನು ಕಲಿತ್ರಿ, ಹೇಳಿ.”

“ನಾನೂರ ಎಪ್ಪತ್ತೊಂದು, ಮೇಡಂ,” ಎಂದಿತು ಇಡೀ ಬಸ್ಸು.

ಮೇಡಂ ಮುಖ ಕೆಂಪಗಾಯಿತು. “ಕತ್ತೆಗಳಾ, ನಾನೂರ ಎಪ್ಪತ್ತೇಳು ಅದು. ನಾನು ಹತ್ತಿರ ಹೋಗಿ, ಕನ್ನಡಕ ಒರೆಸ್ಕೊಂಡು ನೋಡಿದೀನಿ.”