ಒರೆಸದ ಧೂಳು

ಅಮ್ಮನ ಅಂತ್ಯಸಂಸ್ಕಾರದ ದಿನ ಚರ್ಚಿನಲ್ಲಿ ಐವಿಂದ್ ಓದಿದ್ದು ಬರೀ ಎರಡು ವಾಕ್ಯ. ಗಂಡನ ದೋಣಿ ಮರಳಿ ಬಾರದ ಹೆಂಗಸೊಬ್ಬಳು ಚಳಿಗಾಲ ಕಳೆದ ಮೇಲೆ ಬಾಗಿಲು ತೆರೆಯುತ್ತಾಳೆ. ಬಿಸಿಲು ಒಳಗೆ ಬಂದು ನೆಲದ ಮೇಲೆ ಮಲಗುತ್ತದೆ. ಅಮ್ಮನಿಗೆ ತುಂಬಾ ಪ್ರಿಯವಾದ ಪುಸ್ತಕದ್ದು ಎಂದು ಹೇಳಿ ಅವನು ಹಾಳೆ ಮಡಚಿದ. ಜನ ಕಣ್ಣೊರೆಸಿಕೊಂಡರು. ಅಮ್ಮನ ಗೆಳತಿ ಟೂರ್ಡಿಸ್ ಮಾತ್ರ ಹಲ್ಲು ಕಚ್ಚಿ ಕುಳಿತಿದ್ದಳು.

ಆ ಪುಟವನ್ನು ಅವಳೂ ಐವಿಂದ್‌ನ ಅಮ್ಮ ಗುನ್‌ವೋರಳೂ ಅದೆಷ್ಟು ಸಲ ಒಟ್ಟಿಗೆ ಓದಿದ್ದರೋ. ಗುನ್‌ವೋರಳ ಗಂಡನನ್ನೂ ಕಡಲೇ ನುಂಗಿತ್ತು. ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು ಊರೆಲ್ಲ ಹೇಳಿತ್ತು. ಹಾಗೆ ಹೇಳದೆ ಉಳಿದದ್ದು ಆ ಪುಸ್ತಕವೊಂದೇ. ಬಿಸಿಲಿನ ನಂತರದ ಸಾಲು ಬಂದಾಗ ಇಬ್ಬರೂ ಸುಮ್ಮನಾಗುತ್ತಿದ್ದರು. ಕಾಫಿ ಆರುತ್ತಿತ್ತು. ಯಾರೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ಈಗ ಸತ್ತ ಮೇಲೂ ಅವಳಿಗೆ ಸಮಾಧಾನ ಹೇಳಿ ಬಾಯಿ ಮುಚ್ಚಿಸಿದ್ದರು.

ಮಣ್ಣಾದ ಮೇಲೆ ಎಲ್ಲರೂ ಊರಿನ ಸಭಾಂಗಣದಲ್ಲಿ ಸೇರಿದರು. ಸೀಗಡಿ ಹರಡಿದ ಬ್ರೆಡ್ಡು, ಕಾಫಿ, ಕೇಕು. ಟೂರ್ಡಿಸ್ ನೇರವಾಗಿ ಐವಿಂದ್‌ನ ಬಳಿ ಹೋದಳು.

"ಉಳಿದ ಸಾಲು ಎಲ್ಲಪ್ಪಾ?"

"ಅದು ತೀರಾ ಕಹಿ ಅಲ್ವಾ, ಟೂರ್ಡಿಸ್? ಬಂದವರಿಗೂ ಒಂಚೂರು ಸಮಾಧಾನ ಬೇಕಲ್ಲ."

"ಅವರಿಗೆ ಕೇಕ್ ಇದೆಯಲ್ಲ, ಸಾಲದಾ?"

ಅವನು ಇನ್ಯಾರದೋ ಕೈಕುಲುಕಲು ಆಚೆ ತಿರುಗಿದ.

ಆ ಊರಿನ ವಾಡಿಕೆಯಂತೆ, ಸತ್ತವರ ಬಗ್ಗೆ ಮಾತಾಡಬೇಕೆನಿಸಿದವರು ಚಮಚದಿಂದ ಬಟ್ಟಲು ತಟ್ಟಿ ಎದ್ದು ನಿಲ್ಲುತ್ತಾರೆ. ಹೆಣಿಗೆ ಸಂಘದವರು ಎದ್ದರು, ನೆರೆಮನೆಯವನು ಎದ್ದ. ಗುನ್‌ವೋರ್ ಎಷ್ಟು ಧೈರ್ಯದಿಂದ ಎಲ್ಲ ಮರೆತು ಬದುಕಿದಳೆಂದು ಒಬ್ಬೊಬ್ಬರೂ ಹೊಗಳಿದರು. ಆಮೇಲೆ ಟೂರ್ಡಿಸ್ ಬಟ್ಟಲು ತಟ್ಟಿದಳು. ಸದ್ದು ಬೇಕಾದದ್ದಕ್ಕಿಂತ ಜೋರಾಗಿಯೇ ಬಂತು.

"ಐವಿಂದ್ ಅರ್ಧಕ್ಕೇ ನಿಲ್ಲಿಸಿದ. ಮುಂದಿನದು ಹೀಗಿದೆ," ಎಂದಳು. ಪುಸ್ತಕ ಬೇಕಿರಲಿಲ್ಲ. "ಆ ಬಿಸಿಲಿನಲ್ಲಿ ಅವನ ಕುರ್ಚಿಯ ಮೇಲಿನ ಧೂಳು ಕಂಡಿತು. ಅವಳು ಅದನ್ನು ಒರೆಸಲಿಲ್ಲ."

ಅಷ್ಟು ಹೇಳಿ ಕುಳಿತಳು. ಯಾರೂ ತಲೆ ಎತ್ತಲಿಲ್ಲ. ಒಬ್ಬಾಕೆ ಕೆಮ್ಮಿದಳು, ಚಮಚಗಳು ಮತ್ತೆ ಮೆಲ್ಲಗೆ ಸದ್ದು ಮಾಡತೊಡಗಿದವು.

ಸ್ವಲ್ಪ ಹೊತ್ತಿಗೆ ಐವಿಂದ್ ಕಾಫಿ ಬಟ್ಟಲು ಹಿಡಿದು ಬಂದು ಅವಳೆದುರು ನಿಂತ. ಬೈಯುತ್ತಾನೆಂದು ಅವಳು ಕಾದಳು.

"ಅಪ್ಪನ ಕೋಟು ಬಾಗಿಲ ಹಿಂದೆ ನೇತಾಡ್ತಾ ಇತ್ತಲ್ಲ," ಎಂದ. "ಅಮ್ಮ ಆಸ್ಪತ್ರೇಲಿದ್ದಾಗ ಅದನ್ನ ತೆಗೆದು ಯಾರಿಗೋ ಕೊಟ್ಟುಬಿಟ್ಟೆ. ಮನೆ ಹಗುರ ಆಗ್ಲಿ ಅಂತ."

ಟೂರ್ಡಿಸ್‌ಗೆ ಕ್ಷಮಿಸುವ ಮನಸ್ಸಿರಲಿಲ್ಲ. ಆದರೂ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ಕೆಳಗಿಟ್ಟಳು. ಅವನು ಕುಳಿತ. ಇಬ್ಬರ ಕಾಫಿಯೂ ಆರಿತು.